ನಾಲ್ಕು ಪಂದ್ಯ ಆಡಿ ಅಂಗಳ ಬಿಟ್ಟವರು

ಕಾಲೇಜಿನ ತಂಡ ಸಾಲಾಗಿ ಗೆಲ್ಲುತ್ತಿದೆ. ಊರಿಗೆ ಊರೇ ಸಂಭ್ರಮದಲ್ಲಿದೆ. ಅಂಥ ಹೊತ್ತಿನಲ್ಲಿ ತಂಡದ ಹೆಸರಾಂತ ಆಟಗಾರನೊಬ್ಬ ಇನ್ನು ತಾನು ಆಡುವುದಿಲ್ಲವೆಂದು ಹೊರಟುಬಿಟ್ಟರೆ? ಅವನಿಗೆ ಗಾಯವಾಗಿಲ್ಲ, ಕಾಯಿಲೆಯಿಲ್ಲ, ಪರೀಕ್ಷೆಯಲ್ಲಿ ನಪಾಸೂ ಆಗಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2018ರಿಂದೀಚೆಗೆ ಇಂಥ ಪ್ರಸಂಗಗಳು ಮತ್ತೆ ಮತ್ತೆ ನಡೆದಿವೆ. ಇದರ ಹಿಂದಿರುವುದು ಮುನಿಸಷ್ಟೇ ಅಲ್ಲ, ಒಂದು ಸರಳ ಲೆಕ್ಕ!

ಮೊದಲಿಗೆ ಒಂದು ಮಾತು. ಈ ಫುಟ್‌ಬಾಲ್ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಒರಟು ಆಟ. ದಾಳಿಯ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಕಾಲೇಜು ಪಂದ್ಯಗಳಿಗೆ ಸೇರುವ ಜನಸಾಗರವಂತೂ ಊಹೆಗೆ ಮೀರಿದ್ದು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿವೆ.

ಐದರಲ್ಲಿ ನಾಲ್ಕು

ಅಲ್ಲಿನ ಕಾಲೇಜು ಕ್ರೀಡೆಗಳ ಬಹುಪಾಲನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಹಳೆಯ ನಿಯಮದ ಪ್ರಕಾರ ವಿದ್ಯಾರ್ಥಿಯೊಬ್ಬ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತು ಮಾತ್ರ ಆಡಬಹುದಿತ್ತು. ಉಳಿದ ಒಂದು ವರ್ಷ ತಂಡದೊಡನೆ ಅಭ್ಯಾಸ ಮಾಡುತ್ತಾ ಬಲಿಯಬಹುದಿತ್ತು. ಈ ವರ್ಷವನ್ನು ‘ರೆಡ್‌ಶರ್ಟ್’, ಅಂದರೆ ಕೆಂಪಂಗಿಯ ವರ್ಷ ಎನ್ನುತ್ತಾರೆ. ಪಂದ್ಯವಾಡದೆ ಅಭ್ಯಾಸ ಮಾಡುವವರಿಗೆ ಕೆಂಪಂಗಿ ತೊಡಿಸುತ್ತಿದ್ದುದರಿಂದ ಈ ಹೆಸರು ಬಂತಂತೆ.

2018ಕ್ಕೆ ಮುಂಚೆ ಒಂದೇ ಒಂದು ಪಂದ್ಯದಲ್ಲಿ ಅಂಗಳಕ್ಕಿಳಿದರೂ, ಗಾಯದಂಥ ಕಾರಣ ಇಲ್ಲದಿದ್ದರೆ, ಇಡೀ ಋತು ಖರ್ಚಾದಂತೆ. ಇದು ಅನ್ಯಾಯವೆಂದು ಕಂಡ ಸಂಸ್ಥೆ, ಆ ವರ್ಷ ನಿಯಮ ಸಡಿಲಿಸಿತು. ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ಋತು ಲೆಕ್ಕಕ್ಕಿಲ್ಲವೆಂದಾಯಿತು. ಐದನೆಯದಕ್ಕೆ ಕಾಲಿಟ್ಟರೆ ಮಾತ್ರ ಖರ್ಚಾಗುತ್ತಿತ್ತು. ಹೊಸ ಹುಡುಗರಿಗೆ ಪಂದ್ಯದ ರುಚಿ ಸಿಗಲಿ, ದಣಿದವರಿಗೆ ವಿಶ್ರಾಂತಿ ದೊರೆಯಲಿ ಎಂಬುದು ಉದ್ದೇಶ.

ನಿಯಮ ಮಾಡಿದವರು ಕಿರಿಯರನ್ನು ನೆನೆದರು. ಲಾಭ ಕಂಡುಕೊಂಡವರು ಹಿರಿಯರು! ಋತು ಆಗಸ್ಟ್ ಕೊನೆಗೆ ಆರಂಭವಾಗಿ, ವಾರಕ್ಕೊಂದರಂತೆ ಸುಮಾರು 12 ಪಂದ್ಯ ನಡೆಯುತ್ತವೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನಾಲ್ಕು ಪಂದ್ಯ ಆಗಿರುತ್ತವೆ. ತನ್ನ ಸ್ಥಾನ ಗಟ್ಟಿಯಿಲ್ಲವೆಂದು ಕಂಡವನು ಅಲ್ಲಿಗೇ ನಿಲ್ಲಿಸಿದರೆ ಒಂದು ಋತು ಜೋಪಾನವಾಗಿರುತ್ತಿತ್ತು. ಅದನ್ನು ಮುಂದಿನ ವರ್ಷ ಬೇರೆ ಕಾಲೇಜಿನಲ್ಲಿ ಬಳಸಬಹುದಿತ್ತು.

ಮೂರೇ ದಿನದ ಅಂತರ

ಕ್ಲೆಮ್ಸನ್ ವಿಶ್ವವಿದ್ಯಾಲಯದ ಕೆಲ್ಲಿ ಬ್ರಯಂಟ್ ಈ ಲೆಕ್ಕದ ಮೊದಲ ದೊಡ್ಡ ಉದಾಹರಣೆ. 2017ರಲ್ಲಿ ತಂಡವನ್ನು ರಾಷ್ಟ್ರಮಟ್ಟದ ಅಂತಿಮ ನಾಲ್ಕರ ಘಟ್ಟಕ್ಕೆ ಮುಟ್ಟಿಸಿದ್ದ ಕ್ವಾರ್ಟರ್‌ಬ್ಯಾಕ್ ಆತ. 2018ರ ನಾಲ್ಕು ಪಂದ್ಯಗಳ ನಂತರ ತರಬೇತುದಾರರು ಅವನ ಸ್ಥಾನವನ್ನು ಮೊದಲ ವರ್ಷದ ಟ್ರೆವರ್ ಲಾರೆನ್ಸ್‌ಗೆ ಕೊಟ್ಟರು. ಸೆಪ್ಟೆಂಬರ್ 26ರಂದು ಬ್ರಯಂಟ್ ತಂಡ ಬಿಟ್ಟ.

ಮೂರೇ ದಿನಕ್ಕೆ ಸಿರಾಕ್ಯೂಸ್ ವಿರುದ್ಧದ ಪಂದ್ಯದಲ್ಲಿ ಲಾರೆನ್ಸ್ ಪೆಟ್ಟು ತಿಂದು ಹೊರಗೆ ಕುಳಿತ. ಎರಡನೆಯವನಾಗಿ ಇರಬೇಕಿದ್ದ ಬ್ರಯಂಟ್ ಇಲ್ಲ. ಬಹುತೇಕರಿಗೆ ಪರಿಚಯವೇ ಇಲ್ಲದ ಚೇಸ್ ಬ್ರೈಸ್ ಅಂಗಳಕ್ಕಿಳಿದು, ಕೊನೆಯ ಗಳಿಗೆಯಲ್ಲಿ 94 ಗಜದಷ್ಟು ದಾಳಿ ನಡೆಸಿ, 27-23ರಲ್ಲಿ ತಂಡವನ್ನು ಗೆಲ್ಲಿಸಿದ. ಕ್ಲೆಮ್ಸನ್ ಆ ಋತುವಿನ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಬ್ರಯಂಟ್ ಮಿಸೌರಿ ವಿಶ್ವವಿದ್ಯಾಲಯ ಸೇರಿದ. ಆದರೆ ಹಳೆಯದೊಂದು ಅಕ್ರಮಕ್ಕಾಗಿ 2019ರಲ್ಲಿ ಆ ತಂಡಕ್ಕೆ ಋತುವಿನ ಕೊನೆಯ ವಿಶೇಷ ಪಂದ್ಯಗಳಿಂದ ನಿಷೇಧ ಬಿತ್ತು. ತಂಡ ಆರು ಗೆದ್ದು ಆರು ಸೋತಿತು. ಲೆಕ್ಕ ಸರಿಯಿತ್ತು, ಫಲ ಮಾತ್ರ ಬೇರೆ. ಒಂದು ಅಂಶವನ್ನು ಮರೆಯಬಾರದು. ಆಗ ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕಾಯಬೇಕಿತ್ತು. ಪದವಿ ಮುಗಿಸಿದವರಿಗೆ ಆ ಶಿಕ್ಷೆ ಇರಲಿಲ್ಲ. ಬ್ರಯಂಟ್ ಪದವಿ ಪಡೆದೇ ಮಿಸೌರಿ ಸೇರಿದ್ದ. ಅವನಿಗೆ ಬಾಗಿಲು ತೆರೆದದ್ದು ತೋಳಿನ ಬಲವಷ್ಟೇ ಅಲ್ಲ, ಪುಸ್ತಕವೂ ಹೌದು.

ಹಣ ಬಂದ ಮೇಲೆ

2018ರ ಅಕ್ಟೋಬರಿನಲ್ಲಿ ವರ್ಗಾವಣೆ ಬಯಸುವವರ ಹೆಸರು ದಾಖಲಿಸುವ ವ್ಯವಸ್ಥೆ ಜಾರಿಗೆ ಬಂತು. 2021ರಲ್ಲಿ ಒಂದು ಬಾರಿ ಕಾಯದೆ ಕಾಲೇಜು ಬದಲಿಸಲು ಎಲ್ಲ ಕ್ರೀಡೆಯವರಿಗೂ ಅನುಮತಿ ಸಿಕ್ಕಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದವರಿಗೆ ಎಷ್ಟು ಬಾರಿಯಾದರೂ ಬದಲಿಸುವ ಸ್ವಾತಂತ್ರ್ಯ ಬಂತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಯಿತು. ಮೊದಲ ವರ್ಷ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್ ಮಿತಿ.

2024ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಾಸ್‌ನ ನೆವಾಡಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಆಡಿ, ಮೂರನ್ನೂ ಗೆದ್ದು, ತಂಡ ತೊರೆದ. ಒಂದು ಲಕ್ಷ ಡಾಲರ್ ಕೊಡುವುದಾಗಿ ಬಾಯಿಮಾತಿನ ಭರವಸೆ ಸಿಕ್ಕಿತ್ತು, ಈಡೇರಲಿಲ್ಲ ಎಂಬುದು ಅವನ ಕಡೆಯವರ ವಾದ. ಒಪ್ಪಿದ್ದೆಲ್ಲವನ್ನೂ ಪಾಲಿಸಿದ್ದೇವೆ ಎಂಬುದು ವಿಶ್ವವಿದ್ಯಾಲಯದ ವಾದ. ಅವನ ಜಾಗಕ್ಕೆ ಬಂದ ಹಜ್-ಮಲಿಕ್ ವಿಲಿಯಮ್ಸ್ ತಂಡವನ್ನು ತನ್ನ ಗುಂಪಿನ ಅಂತಿಮ ಪಂದ್ಯದವರೆಗೆ ಒಯ್ದ. ಸ್ಲೂಕಾ ಮರುವರ್ಷ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ಪರ ಆಡಿದ.

ತಪ್ಪು ಯಾರದು?

ನಡುವೆ ಕೈಬಿಟ್ಟವನನ್ನು ಸ್ವಾರ್ಥಿ ಎನ್ನುವುದು ಸುಲಭ. ಜೊತೆಗಾರರಿಗೆ ಆಗುವ ನೋವು, ನಷ್ಟ ಎರಡೂ ನಿಜ. ಆದರೆ ದೊಡ್ಡವರು ಹಾಕಿಕೊಟ್ಟ ಮೇಲ್ಪಂಕ್ತಿ ಎಂಥದು? 2025ರ ನವೆಂಬರ್ ಕೊನೆಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ 11 ಪಂದ್ಯ ಗೆದ್ದು ರಾಷ್ಟ್ರೀಯ ಸರಣಿಯ ಹೊಸ್ತಿಲಲ್ಲಿತ್ತು. ಆಗ ಅದರ ತರಬೇತುದಾರ ಲೇನ್ ಕಿಫಿನ್ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ತಂಡ ಅವರಿಲ್ಲದೆಯೇ ಆಡಿತು. ಗುರುವಿಗೆ ಸಲ್ಲುವ ಸ್ವಾತಂತ್ರ್ಯ ಶಿಷ್ಯನಿಗೆ ಸಲ್ಲದು ಎಂದು ಹೇಗೆ ಹೇಳೋಣ?

ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ಪ್ರಶ್ನೆ ನಿಷ್ಠೆಯದಲ್ಲ, ಓದಿನದು. ಎನ್‌ಸಿಎಎಯ ಅಂದಾಜಿನಂತೆಯೇ ಕಾಲೇಜು ಫುಟ್‌ಬಾಲ್ ಆಡುವ ನೂರು ಜನರಲ್ಲಿ ವೃತ್ತಿಪರ ತಂಡಗಳ ಆಯ್ಕೆಗೆ ಬರುವವರು ಇಬ್ಬರಿಗಿಂತ ಕಡಿಮೆ. ಉಳಿದವರ ಕೈಯಲ್ಲಿ ಉಳಿಯುವುದು ಪದವಿ ಮಾತ್ರ. ಕಾಲೇಜು ಬದಲಿಸಿದಾಗ ಹಳೆಯ ವಿಷಯಗಳ ಅಂಕಗಳೆಲ್ಲ ಹೊಸ ಕಡೆ ನಡೆಯುವುದಿಲ್ಲ. ವರ್ಗಾವಣೆಗೆ ಹೆಸರು ಕೊಟ್ಟವನ ವಿದ್ಯಾರ್ಥಿವೇತನವನ್ನು ಆ ಅವಧಿಯ ಕೊನೆಗೆ ನಿಲ್ಲಿಸಲು ಹಳೆಯ ಕಾಲೇಜಿಗೆ ಅವಕಾಶವಿರುತ್ತದೆ. ಹೆಸರು ಕೊಟ್ಟ ಎಲ್ಲರಿಗೂ ಹೊಸ ತಂಡ ಸಿಗುವುದಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗುವವರು ಸಿಕ್ಕವರು. ಸಿಗದವರು ಸದ್ದಿಲ್ಲದೆ ಮನೆ ಸೇರುತ್ತಾರೆ.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಪಾಲಕರು, ಆಟದಲ್ಲಿ ಮುಂದಿರುವ ವಿದ್ಯಾರ್ಥಿಗಳು ಇಲ್ಲಿಂದ ಮೂರು ಮಾತು ಎತ್ತಿಟ್ಟುಕೊಳ್ಳಬಹುದು. ಭರವಸೆ ಯಾರೇ ಕೊಡಲಿ, ಅದು ಬರಹದಲ್ಲಿರಲಿ. ಕಾಲೇಜು ಬಿಡುವ ಮುನ್ನ ಮುಗಿಸಿದ ವಿಷಯಗಳಲ್ಲಿ ಎಷ್ಟು ಹೊಸ ಕಡೆ ಮಾನ್ಯವಾಗುತ್ತವೆಂದು ಕೇಳಿಕೊಳ್ಳಿ. ಆಡುವ ಋತುಗಳನ್ನು ಬೆರಳಲ್ಲಿ ಎಣಿಸುವಾಗ ಪದವಿಗೆ ಬಾಕಿಯಿರುವ ತರಗತಿಗಳನ್ನೂ ಇನ್ನೊಂದು ಕೈಯಲ್ಲಿ ಎಣಿಸಿ.