ಬೆಳಕಿನ ಮುದ್ರೆ, ನಿಕ್ಕಲಿನ ಅಚ್ಚು

ಮುಂಬಯಿಯ ಲೋಹಾರ್ ಚಾಳಿನ ವಿದ್ಯುತ್ ಸಾಮಾನಿನ ಅಂಗಡಿಯಲ್ಲಾಗಲಿ, ಪ್ರಿನ್ಸೆಸ್ ಸ್ಟ್ರೀಟಿನ ಸಗಟು ಔಷಧದ ಮಳಿಗೆಯಲ್ಲಾಗಲಿ, ಪೆಟ್ಟಿಗೆಯ ಅಂಚಿಗಂಟಿಕೊಂಡು, ತುಸು ಓರೆ ಮಾಡಿದೊಡನೆ ಹಸುರಿನಿಂದ ಕೆಂಪಿಗೆ ಹೊರಳುವ ಬೆಳ್ಳಿಬಣ್ಣದ ಚೀಟಿಯನ್ನು ಕಾಣದ ಗ್ರಾಹಕನಿರಲಾರನು. ಮಾಲು ಅಸಲಿಯೆಂದು ಸಾಕ್ಷಿ ನುಡಿಯುವ ಈ ಹೊಲೊಗ್ರಾಂ ತಾನೇ ಲಕ್ಷೋಪಲಕ್ಷ ಪ್ರತಿಗಳಲ್ಲೊಂದು. ಆ ಪ್ರತಿಗಳು ಹುಟ್ಟುವ ಬಗೆಯನ್ನರಿತವನಿಗೆ ಆ ಸಾಕ್ಷ್ಯದ ಬೆಲೆಯೂ ತಿಳಿದೀತು.

ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ದೋಷವನ್ನು ನೀಗಿಸಹೊರಟ ಡೆನಿಸ್ ಗಾಬರ್ 1947ರಲ್ಲಿ ಕಂಡುಕೊಂಡು, 1971ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೊಲೊಗ್ರಾಮಿನ ತತ್ತ್ವವಿದು: ವಸ್ತುವಿನಿಂದ ಚೆದರಿ ಬಂದ ಬೆಳಕು ನೇರವಾಗಿ ಬಂದ ಬೆಳಕನ್ನು ಸಂಧಿಸಿದಾಗ ಮೂಡುವ ಅತಿಸೂಕ್ಷ್ಮ ಗೆರೆಗಳನ್ನು ಹಿಡಿದಿಟ್ಟರೆ, ಆ ವಸ್ತುವಿನ ಆಳವನ್ನೇ ಹಿಡಿದಿಟ್ಟಂತೆ.

ಪ್ರತಿ ತೆಗೆಯುವ ದಾರಿಗಳಲ್ಲಿ ಮುಖ್ಯವಾದವು ಎರಡು. ಬೆಳಕಿನಿಂದಲೇ ಬೆಳಕನ್ನು ನಕಲು ಮಾಡುವುದು ಮೊದಲನೆಯದು. ಮೂಲ ಹೊಲೊಗ್ರಾಮಿಗೆ ಸಿಲ್ವರ್ ಹ್ಯಾಲೈಡ್ ಫಿಲ್ಮನ್ನೋ, ಡೈಕ್ರೋಮೇಟ್ ಬೆರೆತ ಜೆಲಟಿನ್ನಿನ ಗಾಜನ್ನೋ, ಫೋಟೋಪಾಲಿಮರ್ ಹಾಳೆಯನ್ನೋ ಒತ್ತಿಟ್ಟು ಲೇಸರ್ ಹಾಯಿಸಿದರೆ ಗೆರೆಗಳು ಹೊಸ ಪದರದ ಒಡಲೊಳಗೇ ನೆಲೆಸುತ್ತವೆ. ಆದರೆ ಆ ಕ್ಷಣದಲ್ಲಿ ಬೆಳಕಿನ ತರಂಗದ ಅಲ್ಪಾಂಶದಷ್ಟು ಅಲುಗಾಟವಾದರೂ ಚಿತ್ರ ಅಳಿಯುವುದರಿಂದ, ಲೋಕಲ್ ಗಾಡಿಗಳು ನೆಲ ನಡುಗಿಸುವ ಈ ನಗರದಲ್ಲಿ ಮೇಜನ್ನು ಗಾಳಿಯ ದಿಂಬುಗಳ ಮೇಲೆ ನಿಲ್ಲಿಸದೆ ಗತಿಯಿಲ್ಲ. ಮಿಗಿಲಾಗಿ ಜೆಲಟಿನ್ ತೇವವನ್ನು ಹೀರಿ ಚಿತ್ರವನ್ನು ಮಾಸಿಸುವುದರಿಂದ, ಗಾಜಿನ ನಡುವೆ ಅಂಚು ಮುಚ್ಚಿ ಇಡದಿದ್ದರೆ ಇಲ್ಲಿಯ ಮಳೆಗಾಲ ಅದನ್ನುಳಿಸದು.

ಎರಡನೆಯದು ಅಚ್ಚೊತ್ತುವ ದಾರಿ. ಸ್ಟೀಫನ್ ಬೆಂಟನ್ 1968ರಲ್ಲಿ ರೂಪಿಸಿದ, ಸಾಮಾನ್ಯ ಬೆಳಕಿನಲ್ಲಿಯೇ ಕಾಣುವ ಕಾಮನಬಿಲ್ಲಿನ ಹೊಲೊಗ್ರಾಂ ಇದಕ್ಕೆ ಬುನಾದಿಯಾಯಿತು. ಫೋಟೋರೆಸಿಸ್ಟ್ ಲೇಪಿಸಿದ ಗಾಜಿನ ಮೇಲೆ ಗೆರೆಗಳನ್ನು ಉಬ್ಬುತಗ್ಗುಗಳಾಗಿ ಮೂಡಿಸಿ, ಬೆಳ್ಳಿಯ ಪದರವನ್ನು ಸಿಂಪಡಿಸಿ, ನಿಕ್ಕಲ್ ದ್ರಾವಣದ ತೊಟ್ಟಿಯಲ್ಲಿ ವಿದ್ಯುತ್ತು ಹಾಯಿಸಿದರೆ, ಅದರ ಮೇಲೆ ಬೆಳೆಯುವ ತೆಳುಹಾಳೆಯನ್ನು ಸುಲಿದು ತೆಗೆಯಬಹುದು. ಕಸುಬಿನವರು ಶಿಮ್ ಎಂದು ಕರೆಯುವ, ಮಿಲಿಮೀಟರಿನ ಹತ್ತನೆಯೊಂದು ಪಾಲಿನ ಆಸುಪಾಸಿನ ದಪ್ಪದ ಈ ಹಾಳೆ, ಮೇಲ್ನೋಟಕ್ಕೆ ಬರಿಯ ಲೋಹದ ತಗಡಾದರೂ, ದೀಪದೆದುರು ಹಿಡಿದರೆ ಚಿತ್ರವನ್ನು ಬಣ್ಣಬಣ್ಣವಾಗಿ ಬಿಚ್ಚಿ ತೋರಿಸುತ್ತದೆ. ಇದನ್ನು ಉರುಳೆಗೆ ಸುತ್ತಿ, ಅಲ್ಯೂಮಿನಿಯಮ್ ಲೇಪವುಳ್ಳ ಪಾಲಿಯೆಸ್ಟರ್ ಸುರುಳಿಯನ್ನು ಕಾವು ಕೊಟ್ಟು ಒತ್ತಿದರೆ, ಮೀಟರುಗಟ್ಟಲೆ ಹೊಲೊಗ್ರಾಂ ಹರಿದುಬರುತ್ತದೆ. 1984ರ ಮಾರ್ಚ್ ತಿಂಗಳಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಮುಖಪುಟದ ಹದ್ದನ್ನು ಮನೆಮನೆಗೆ ಮುಟ್ಟಿಸಿದುದು ಈ ವಿಧಾನದಿಂದಲೇ.

ಅಗ್ಗವಾದ ಈ ದಾರಿಯ ದೌರ್ಬಲ್ಯ ಅದರ ಗುಣದಲ್ಲಿಯೇ ಉಂಟು: ಮೈಮೇಲಿನ ಉಬ್ಬುತಗ್ಗನ್ನು ಅಚ್ಚಿನಿಂದ ಪಡೆಯಬಹುದಾದರೆ, ಆ ಚೀಟಿಯಿಂದಲೇ ಮರಳಿ ಅಚ್ಚು ತೆಗೆಯುವುದೂ ವಂಚಕನಿಗೆ ಸಾಧ್ಯ. ಫೋಟೋಪಾಲಿಮರಿನಲ್ಲಿ ಗೆರೆಗಳು ಒಡಲೊಳಗಿರುವುದರಿಂದ ಹಾಗೆ ಅಚ್ಚು ತೆಗೆಯಲಾಗದು. ಆದರೆ ಅದು ದುಬಾರಿ. ಆದಕಾರಣ ಬಳಸಿದ ಶಿಮ್ಮುಗಳನ್ನು ಎಣಿಸಿ ಬೀಗದೊಳಗಿಟ್ಟು, ಕೆಲಸ ತೀರಿದ ಮೇಲೆ ಲೆಕ್ಕವಿಟ್ಟು ನಾಶಮಾಡುವುದು ಈ ಉದ್ಯೋಗದ ನೇಮ. ಹೊಲೊಗ್ರಾಮಿಗೆ ಬೇಡಿಕೆ ಸಲ್ಲಿಸುವ ವ್ಯಾಪಾರಿಯು ಚೀಟಿಯ ಹೊಳಪಿಗಿಂತ ಮೊದಲು ವಿಚಾರಿಸಬೇಕಾದುದು ಆ ಲೆಕ್ಕದ ಪುಸ್ತಕವನ್ನೇ.