ಬೀದಿಯಲ್ಲಿ ನಿಲ್ಲುವ ವಿದ್ಯೆ

ಹೈದರಾಬಾದಿನ ಚಾರ್‌ಮಿನಾರಿನ ಬಳಿ ಸಂಜೆಯ ಹೊತ್ತು ಕೊಂಚ ನಿಂತು ಸುತ್ತಲೂ ದೃಷ್ಟಿ ಹಾಯಿಸಿದರೆ, ನಾನಾ ಊರುಗಳಿಂದ ಬಂದ ಪ್ರವಾಸಿಗರು ತಮ್ಮ ಕ್ಯಾಮೆರಾಗಳನ್ನೂ ಮೊಬೈಲುಗಳನ್ನೂ ಆಕಾಶದ ಕಡೆಗೆ ಎತ್ತಿ ಹಿಡಿದಿರುವುದೇ ಎಲ್ಲೆಲ್ಲಿಯೂ ಕಾಣುತ್ತದೆ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಹನು ಕಟ್ಟಿಸಿದ ಆ ಸ್ಮಾರಕವು ಅಂತಹ ಆದರಕ್ಕೆ ಸರ್ವಥಾ ಅರ್ಹವಾದುದೇ ಸರಿ. ಆದರೆ ನಾಲ್ಕು ಶತಮಾನಗಳಿಗೂ ಮೀರಿ ನಿಂತಿರುವ ಆ ಮಿನಾರುಗಳು ನಾಳೆಯೂ ಅಲ್ಲಿಯೇ ಇರತಕ್ಕವು. ಅವುಗಳ ಬುಡದಲ್ಲಿ ತಳ್ಳುಗಾಡಿಯ ಮೇಲೆ ಹಣ್ಣುಗಳನ್ನು ಜೋಡಿಸುತ್ತಿರುವ ಮುದುಕನೂ, ಮಗಳ ಮಣಿಕಟ್ಟಿಗೆ ಬಳೆಯ ಅಳತೆ ನೋಡುತ್ತಿರುವ ತಾಯಿಯೂ, ಚಹದ ಲೋಟಗಳ ತಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿಕೊಂಡು ಜನಸಂದಣಿಯೊಳಗೆ ನುಸುಳಿ ಹೋಗುವ ಹುಡುಗನೂ ಮಾತ್ರ ಈ ಗಳಿಗೆಗೆ ಹೀಗಿದ್ದು ಮರುಗಳಿಗೆಗೆ ಬೇರೆಯಾಗತಕ್ಕವರು. ಛಾಯಾಚಿತ್ರವೆಂಬ ಕಲೆಯು ಯಾವುದನ್ನು ಕಾಲದ ಕೈಯಿಂದ ಉಳಿಸಿಕೊಳ್ಳಬಲ್ಲುದೋ ಅದು ಬಹುಪಾಲು ನೆಲದ ಮಟ್ಟದಲ್ಲಿಯೇ ಇದೆ.

ಕನ್ನಡಿಗರ ಪಾಲಿಗೆ ಹೈದರಾಬಾದು ತೀರ ಪರಸ್ಥಳವಲ್ಲ. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರುವವರೆಗೂ ಅವುಗಳಿಗೆ ಅದೇ ರಾಜಧಾನಿಯಾಗಿತ್ತು. ಓದಿಗೆ, ವ್ಯಾಜ್ಯಕ್ಕೆ, ವ್ಯಾಪಾರಕ್ಕೆ, ಉದ್ಯೋಗಕ್ಕೆಂದು ಆ ಭಾಗದ ಜನ ತಲೆತಲಾಂತರದಿಂದ ಅಲ್ಲಿಗೆ ಹೋಗಿಬರುತ್ತಿದ್ದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಯೂ ಇರುವುದು ಆ ಸಂಬಂಧದ ಫಲವೇ. ಆದರೂ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬೀದಿಗಿಳಿದವನು ಅಲ್ಲಿ ಹುಟ್ಟಿದವನೇ ಆಗಿದ್ದರೂ ಆ ಕ್ಷಣಕ್ಕೆ ಪರಕೀಯನಾಗಿಬಿಡುತ್ತಾನೆ. ಆ ಪರಕೀಯತೆಯನ್ನು ಕಳೆದುಕೊಳ್ಳುವ ಮಾರ್ಗವೊಂದೇ: ಒಂದೆಡೆ ನಿಲ್ಲುವುದು, ಜನರು ತನ್ನನ್ನು ನೋಡುವುದಕ್ಕೆ ಅವಕಾಶ ಕೊಡುವುದು, ಆಮೇಲೆ ತಾನು ನೋಡುವುದು. ಬೀದಿಯ ಛಾಯಾಗ್ರಹಣವು ವೇಗದ ಕಲೆಯೆಂದು ಸಾಮಾನ್ಯವಾಗಿ ತಿಳಿದಿರುವುದುಂಟು; ಅದು ಮೂಲತಃ ನಿಲುಗಡೆಯ ವಿದ್ಯೆಯೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಈ ಮಾತಿಗೆ ಛಾಯಾಗ್ರಹಣದ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. 1838ರಲ್ಲಿ ಫ್ರಾನ್ಸಿನ ಲೂಯಿ ದಾಗೆರ್ ಎಂಬಾತನು ಪ್ಯಾರಿಸ್ಸಿನ ಒಂದು ಹೆದ್ದಾರಿಯ ಚಿತ್ರವನ್ನು ಮೇಲಿನ ಕಿಟಕಿಯೊಂದರಿಂದ ತೆಗೆದನು. ಗಾಡಿಕುದುರೆಗಳೂ ಪಾದಚಾರಿಗಳೂ ತುಂಬಿ ಹರಿಯುತ್ತಿದ್ದ ಬೀದಿ ಅದು. ಆದರೆ ಬೆಳಕಿಗೆ ಒಡ್ಡಿದ ಫಲಕವು ಬಿಂಬವನ್ನು ಗ್ರಹಿಸುವುದಕ್ಕೆ ಅಂದು ನಿಮಿಷಗಟ್ಟಲೆ ಕಾಲ ಹಿಡಿಯುತ್ತಿದ್ದುದರಿಂದ, ಚಲಿಸುತ್ತಿದ್ದವರೆಲ್ಲರೂ ಚಿತ್ರದಿಂದ ಅಳಿಸಿಹೋಗಿ, ಬೀದಿಯು ನಿರ್ಜನವಾದಂತೆ ಮೂಡಿತು. ಅದರಲ್ಲಿ ಸ್ಪಷ್ಟವಾಗಿ ಉಳಿದವರು ಇಬ್ಬರೇ: ಒಂದು ಮೂಲೆಯಲ್ಲಿ ಕಾಲು ಮುಂದಿಟ್ಟು ಪಾದರಕ್ಷೆಗೆ ಹೊಳಪು ಹಾಕಿಸಿಕೊಳ್ಳುತ್ತಿದ್ದ ಒಬ್ಬ, ಬಾಗಿ ಆ ಕೆಲಸ ಮಾಡುತ್ತಿದ್ದ ಇನ್ನೊಬ್ಬ. ಮನುಷ್ಯಾಕೃತಿ ಕಾಣಿಸಿಕೊಂಡ ಮೊತ್ತಮೊದಲ ಛಾಯಾಚಿತ್ರಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ರಾಜನೂ ಅಲ್ಲದ, ಸೇನಾಪತಿಯೂ ಅಲ್ಲದ, ಹೆಸರೇ ತಿಳಿಯದ ಒಬ್ಬ ಶ್ರಮಜೀವಿಯು ತನ್ನ ಕೆಲಸದಲ್ಲಿ ನಿಂತಿದ್ದನೆಂಬ ಒಂದೇ ಕಾರಣದಿಂದ ಚಿರಸ್ಥಾಯಿಯಾದನೆಂಬುದು ಈ ಕಲೆಯ ಹುಟ್ಟಿಗೆ ಒದಗಿದ ಪರಮ ಶುಭಶಕುನ.

ತರುವಾಯ ಉಪಕರಣಗಳು ಚುರುಕಾದವು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಜಿಲೆಟಿನ್ ಲೇಪಿಸಿದ ಒಣಫಲಕದ ವಿಧಾನವನ್ನು ಪ್ರಕಟಿಸಿದ ಮೇಲೆ, ಹಸಿಫಲಕವನ್ನು ಸ್ಥಳದಲ್ಲಿಯೇ ಸಿದ್ಧಪಡಿಸಿಕೊಂಡು ಅದು ಒಣಗುವುದರೊಳಗೆ ಎಲ್ಲವನ್ನೂ ಮುಗಿಸಬೇಕಾಗಿದ್ದ ಕಷ್ಟವು ಕ್ರಮೇಣ ತಪ್ಪಿತು. 1925ರಲ್ಲಿ ಜರ್ಮನಿಯ ಆಸ್ಕರ್ ಬಾರ್ನಾಕನು ರೂಪಿಸಿದ ಲೈಕಾ ಎಂಬ ಪುಟ್ಟ ಕ್ಯಾಮೆರಾ ಮಾರುಕಟ್ಟೆಗೆ ಬಂದು, ಮುಕ್ಕಾಲಿಯ ಮೇಲಿದ್ದ ಯಂತ್ರವು ಅಂಗೈಗಿಳಿಯಿತು. ಅದನ್ನೇ ಹಿಡಿದು ಜಗತ್ತನ್ನು ಸುತ್ತಿದ ಆನ್ರಿ ಕಾರ್ತಿಯೇ ಬ್ರೆಸೋನನು 1952ರಲ್ಲಿ ತನ್ನ ಹೆಸರಾಂತ ಪುಸ್ತಕವನ್ನು ಪ್ರಕಟಿಸಿದಂದಿನಿಂದ ನಿರ್ಣಾಯಕ ಕ್ಷಣವೆಂಬ ಮಾತು ಛಾಯಾಗ್ರಾಹಕರ ಬಾಯಲ್ಲಿ ನಿಂತಿದೆ. ಆ ಕ್ಷಣವನ್ನು ಹಿಡಿಯುವುದೆಂದರೆ ಓಡಾಡಿ ಕಸಿದುಕೊಳ್ಳುವುದೆಂದು ಭಾವಿಸುವವರು, ತಕ್ಕ ಹಿನ್ನೆಲೆಯನ್ನು ಮೊದಲು ಆರಿಸಿ, ಅದರೊಳಕ್ಕೆ ಜೀವವು ತಾನಾಗಿ ನಡೆದುಬರುವವರೆಗೂ ಕಾದಿರುವುದು ಆತನ ಕ್ರಮಗಳಲ್ಲಿ ಒಂದಾಗಿತ್ತೆಂಬುದನ್ನು ನೆನೆಯಬೇಕು. ದಾಗೆರನ ಕಾಲದಲ್ಲಿ ಚಿತ್ರದಲ್ಲಿ ಉಳಿಯಬೇಕಾದರೆ ಜನ ನಿಲ್ಲಬೇಕಾಗಿತ್ತು. ಈಗ ಸೆಕೆಂಡಿನ ಐನೂರರಲ್ಲಿ ಒಂದು ಪಾಲು ಸಾಕಾಗಿರುವುದರಿಂದ ಜನ ನಡೆಯಬಹುದು, ನಿಲ್ಲಬೇಕಾದ ಹೊಣೆ ಛಾಯಾಗ್ರಾಹಕನದು.

ಹೈದರಾಬಾದಿನ ಛಾಯಾಗ್ರಹಣವನ್ನು ಕುರಿತು ಮಾತನಾಡುವಾಗ ರಾಜಾ ದೀನದಯಾಳರನ್ನು ಸ್ಮರಿಸದೆ ಮುಂದುವರಿಯುವುದು ಸಾಧ್ಯವಿಲ್ಲ. 1844ರಲ್ಲಿ ಮೇರಠದ ಸಮೀಪದ ಸರಧನದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಅಭ್ಯಾಸ ಮಾಡಿ, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಇವರು ಕ್ಯಾಮೆರಾದ ಮೋಹಕ್ಕೆ ಒಳಗಾಗಿ, 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಆಸ್ಥಾನದ ಛಾಯಾಗ್ರಾಹಕರಾದರು. ಅರಮನೆ, ಬೇಟೆ, ಔತಣ, ಸೇನೆಗಳ ಚಿತ್ರಗಳಿಂದ ಅವರ ಕೀರ್ತಿ ಹಬ್ಬಿತೆಂಬುದು ನಿಜ. ಅವರ ಗಾಜಿನ ಫಲಕಗಳಲ್ಲಿ 2857ನ್ನು ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಪಡೆದು ಕಾಪಾಡಿಕೊಂಡು ಬಂದಿದೆ. ಆದರೆ ಇಂದಿನ ಬೀದಿಯ ಛಾಯಾಗ್ರಾಹಕನು ಕಲಿಯಬೇಕಾದ ಪಾಠವು ಅವರ ಇನ್ನೊಂದು ಕಾರ್ಯದಲ್ಲಿದೆ. ಗೋಷಾ ಪದ್ಧತಿಯಲ್ಲಿದ್ದ ಸ್ತ್ರೀಯರಿಗೂ ತಮ್ಮ ಚಿತ್ರ ತೆಗೆಸಿಕೊಳ್ಳುವ ಆಸೆಯಿರಬಹುದೆಂಬುದನ್ನು ಮನಗಂಡು, 1892ರಲ್ಲಿ ಹೈದರಾಬಾದಿನಲ್ಲಿ ಅವರಿಗಾಗಿಯೇ ಜನಾನಾ ಸ್ಟುಡಿಯೋ ಒಂದನ್ನು ತೆರೆದು, ಪರಪುರುಷರ ದೃಷ್ಟಿ ಬೀಳದ ಎತ್ತರದ ಗೋಡೆಗಳ ಒಳಗೆ ಅದರ ಆಡಳಿತವನ್ನು ಕೆನ್ನಿ ಲೆವಿಕ್ ಎಂಬ ಮಹಿಳೆಗೆ ಒಪ್ಪಿಸಿದರು. ಚಿತ್ರ ತೆಗೆಯುವವನಿಗೆ ಯಾವುದು ಅನುಕೂಲವೆಂದು ಯೋಚಿಸದೆ, ಚಿತ್ರದಲ್ಲಿ ಇರತಕ್ಕವರಿಗೆ ಯಾವುದು ಗೌರವವೆಂದು ಮೊದಲು ಯೋಚಿಸಿದ ಆ ಔಚಿತ್ಯವೇ ಈ ನಗರದ ಛಾಯಾಗ್ರಹಣದ ಶ್ರೇಷ್ಠ ಪರಂಪರೆ. ಬುರ್ಖಾ ಧರಿಸಿ ಸಂತೆಗೆ ಬಂದ ಹೆಣ್ಣುಮಗಳ ಮುಖದ ಮುಂದೆ ಹೇಳದೆ ಕೇಳದೆ ಲೆನ್ಸು ಚಾಚುವವರು ಆ ಪರಂಪರೆಯನ್ನು ಅರಿಯದವರು.

ಇನ್ನು ಬೀದಿಗಳ ಕಡೆಗೆ ಬರೋಣ. ಚಾರ್‌ಮಿನಾರಿನ ನಾಲ್ಕು ಕಮಾನುಗಳು ನಾಲ್ಕು ದಿಕ್ಕುಗಳಿಗೆ ತೆರೆದುಕೊಂಡಿರುವುದು ಛಾಯಾಗ್ರಾಹಕನಿಗೆ ಒಂದು ಪಂಚಾಂಗವನ್ನೇ ಕೊಟ್ಟಂತಾಗಿದೆ. ಬಳೆಯ ಅಂಗಡಿಗಳ ಲಾಡ್ ಬಜಾರ್ ಪಶ್ಚಿಮಕ್ಕೆ ಚಾಚಿಕೊಂಡಿರುವುದರಿಂದ ಇಳಿಹೊತ್ತಿನ ಬಿಸಿಲು ಆ ಓಣಿಯ ಉದ್ದಕ್ಕೂ ಎದುರಾಗಿ ಹರಿದು, ನಡೆದುಬರುವವರ ಅಂಚುಗಳಿಗೆ ಹೊನ್ನಿನ ರೇಖೆ ಕೊಟ್ಟು, ಮುಖಗಳನ್ನು ನೆರಳಿನಲ್ಲಿಡುತ್ತದೆ. ಅದೇ ಬೀದಿಯಲ್ಲಿ ಬೆಳಗ್ಗೆ ನಿಂತರೆ ಬೆಳಕು ಬೆನ್ನ ಹಿಂದಿನಿಂದ ಬಂದು ಬಣ್ಣಗಳೆಲ್ಲವೂ ಬಿಚ್ಚಿಕೊಳ್ಳುತ್ತವೆ. ಉತ್ತರಕ್ಕೆ ಗುಲ್ಜಾರ್ ಹೌಜನ್ನೂ ಚಾರ್ ಕಮಾನನ್ನೂ ದಾಟಿದರೆ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಸಾಲು ಬರುತ್ತದೆ. 1908ರ ಮೂಸಿ ನದಿಯ ಮಹಾಪೂರದ ಅನಂತರ ನಗರವನ್ನು ಹೊಸದಾಗಿ ಕಟ್ಟುವ ಪ್ರಯತ್ನಗಳಲ್ಲಿ ಮೂಡಿದ ಸಾಲು ಅದು. ಅಂತಹ ಪೂರ ಮತ್ತೆ ಬಾರದಂತೆ ತಡೆಯುವ ಯೋಜನೆಯನ್ನು ನಿಜಾಮನಿಗೆ ಮಾಡಿಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೆಂಬುದನ್ನು ಅಲ್ಲಿ ನಡೆಯುವ ಕನ್ನಡಿಗನು ನೆನೆಯದಿರಲಾರ. ಪತ್ಥರ್‌ಗಟ್ಟಿಯ ರಸ್ತೆಯು ತೆಂಕುಬಡಗಲಾಗಿ ಸಾಗುವುದರಿಂದ ಬೆಳಗಿನ ಬಿಸಿಲು ಪಶ್ಚಿಮದ ಸಾಲಿಗೂ ಸಂಜೆಯ ಬಿಸಿಲು ಪೂರ್ವದ ಸಾಲಿಗೂ ಬೀಳುತ್ತದೆ. ಕಮಾನಿನ ಕತ್ತಲೆಯಿಂದ ಬೆಳಕಿಗೆ ಕಾಲಿಡುವವರಿಗಾಗಿ ಅಲ್ಲಿ ಎಷ್ಟು ಹೊತ್ತು ಕಾದರೂ ವ್ಯರ್ಥವಲ್ಲ.

ಆದರೆ ಬೆಳಕು ಬರಿಯ ಪೀಠಿಕೆ. ವಿಷಯವಿರುವುದು ಜನರ ಕೈಗಳಲ್ಲಿ. ಅರಗಿನ ಬಳೆ ಮಾಡುವವರು ಕೆಂಡದ ಮೇಲೆ ಅರಗನ್ನು ಮೆದುಗೊಳಿಸಿ, ಹೊಸೆದು, ಬಾಗಿಸಿ, ಅದು ಬೆಚ್ಚಗಿರುವಷ್ಟರಲ್ಲಿಯೇ ಗಾಜಿನ ಹರಳುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. 2024ರಲ್ಲಿ ಈ ಬಳೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹಳೆಯ ನಗರದ ಗಲ್ಲಿಗಳಲ್ಲಿ ಬೆಳ್ಳಿಯ ವರಖು ಬಡಿಯುವವರು ಹಾಳೆಗಳ ಕಟ್ಟಿನೊಳಗೆ ಲೋಹದ ತುಣುಕುಗಳನ್ನಿಟ್ಟು ಗಂಟೆಗಟ್ಟಲೆ ಸುತ್ತಿಗೆಯಾಡಿಸಿ, ಉಸಿರಿಗೆ ಹಾರುವಷ್ಟು ತೆಳುವಾಗಿಸುತ್ತಾರೆ. ಛತ್ತಾ ಬಜಾರಿನಲ್ಲಿ ಮದುವೆಯ ಕರೆಯೋಲೆಗಳು ಅಚ್ಚಾಗುತ್ತವೆ. ಅಬಿಡ್ಸಿನ ಕಾಲುದಾರಿಯ ಮೇಲೆ ಭಾನುವಾರಗಳಂದು ಹಳೆಯ ಪುಸ್ತಕಗಳು ಹರಡಿಕೊಳ್ಳುತ್ತವೆ. ಇರಾನಿ ಹೋಟೆಲುಗಳಲ್ಲಿ ಒಂದು ಲೋಟ ಚಹ, ಎರಡು ಉಸ್ಮಾನಿಯಾ ಬಿಸ್ಕತ್ತುಗಳ ಎದುರು ವೃದ್ಧರ ಸಂಭಾಷಣೆ ಅರ್ಧ ದಿನ ಸಾಗುತ್ತದೆ. ಈ ಕಸುಬುಗಳಲ್ಲಿ ಕೆಲವು ಯಂತ್ರಕ್ಕೆ ಸೋತು ಕ್ಷೀಣಿಸುತ್ತಿರುವುದರಿಂದ, ಇಂದು ಶ್ರದ್ಧೆಯಿಂದ ತೆಗೆದ ಚಿತ್ರವು ನಾಳೆ ಇತಿಹಾಸದ ದಾಖಲೆಯಾಗಿ ನಿಲ್ಲುವುದು ನಿಶ್ಚಯ.

ಅಪ್ಪಣೆಯ ಪ್ರಶ್ನೆ ಈ ಕಲೆಯ ಹೃದಯವೇ ಆಗಿದೆ. ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದನ್ನು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಿಷೇಧಿಸಿಲ್ಲ. ಆದರೂ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ಮೇಲೆ, ಬೀದಿಯಲ್ಲಿ ನಡೆಯುವ ಮನುಷ್ಯನು ತನ್ನ ಮುಖದ ಮೇಲಿನ ಅಧಿಕಾರವನ್ನು ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾನೆಂದು ಯಾರೂ ತಿಳಿಯಕೂಡದು. ಹೈದರಾಬಾದಿನಲ್ಲಿ ಮುಖ ಗುರುತಿಸುವ ಯಂತ್ರಗಳ ಬಳಕೆಯನ್ನು ಪ್ರಶ್ನಿಸಿದ ಅರ್ಜಿಯು 2022ರಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯದ ಮುಂದೆ ವಿಚಾರಣೆಗೆ ಬಂದಿತ್ತು. ಕ್ಯಾಮೆರಾದ ಕಣ್ಣಿಗೆ ಅಂಜುವುದಕ್ಕೆ ಆ ಊರಿನ ಬಡಜನರಿಗೆ ಕಾರಣಗಳಿವೆ.

ಆದುದರಿಂದ ಮೊದಲು ಅಂಗಡಿಯ ಮುಂದೆ ನಿಂತು, ‘ಸಲಾಂ ಚಾಚಾ’ ಎಂದು ಮಾತನಾಡಿಸಿ, ಚಹ ಕುಡಿದು, ಊರು ಕೇರಿಗಳನ್ನು ವಿಚಾರಿಸಿಕೊಂಡು, ಬಂದ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಲೇಸು. ಬೀದರ ಕಲಬುರಗಿಗಳ ಕಡೆಯವರಿಗೆ ದಖನಿ ಮಾತು ಕಿವಿಗೆ ಹೊಸದಲ್ಲವಾಗಿ ಈ ಕೆಲಸವು ಅವರಿಗೆ ಸುಲಭ. ಮಿಕ್ಕವರಿಗೂ ಒಂದು ನಗೆ, ಬೇಡವೆಂದು ಕೈಯಾಡಿಸಿದವರಿಗೆ ತಕ್ಷಣ ಕ್ಯಾಮೆರಾ ಕೆಳಗಿಳಿಸುವ ಸೌಜನ್ಯ, ಇವೆರಡು ಭಾಷೆಯ ಕೊರತೆಯನ್ನು ತುಂಬಿಕೊಡುತ್ತವೆ. ಕೇಳಿದರೆ ಸಹಜತೆ ಕೆಡುತ್ತದೆಂಬ ಆಕ್ಷೇಪಣೆಯುಂಟು. ಒಪ್ಪಿಗೆ ದೊರೆತ ಮೇಲೆ ತೆಗೆದ ಮೊದಲ ಚಿತ್ರದಲ್ಲಿ ಬಿಗುಮಾನವಿರುವುದೂ ಸತ್ಯವೇ. ಆದರೆ ಕಾಲು ಗಂಟೆ ಕಳೆಯುವಷ್ಟರಲ್ಲಿ ಗಿರಾಕಿಗಳು ಬರುತ್ತಾರೆ, ಕೆಲಸ ಕೈಹಿಡಿಯುತ್ತದೆ, ಛಾಯಾಗ್ರಾಹಕನು ಮರೆತುಹೋಗುತ್ತಾನೆ, ಕದ್ದು ತೆಗೆದ ಯಾವ ಚಿತ್ರದಲ್ಲಿಯೂ ಇರದ ಸಹಜತೆ ಆಗ ತಾನಾಗಿ ಮೂಡುತ್ತದೆ. ಮಕ್ಕಳ ಚಿತ್ರಕ್ಕೆ ಹಿರಿಯರ ಅನುಮತಿ ಬೇಕು. ಲಾಲ್ ದರ್ವಾಜದ ಬೋನಾಲು ಹಬ್ಬದಲ್ಲಿ ತಲೆಯ ಮೇಲೆ ಗಡಿಗೆ ಹೊತ್ತು ನಡೆಯುವ ಹೆಂಗಸರನ್ನಾಗಲಿ, ಮೊಹರಮ್ಮಿನ ಹತ್ತನೆಯ ದಿನ ದಬೀರ್‌ಪುರದಿಂದ ಹೊರಡುವ ಬೀಬಿ ಕಾ ಅಲಂ ಮೆರವಣಿಗೆಯಲ್ಲಿ ಶೋಕಿಸುವವರನ್ನಾಗಲಿ ಚಿತ್ರಿಸುವವನು ದಾರಿಗೆ ಅಡ್ಡವಾಗದೆ ಅಂಚಿನಲ್ಲಿರಬೇಕು. ಭಿಕ್ಷುಕನ ದೈನ್ಯವನ್ನೂ ರೋಗಿಯ ಯಾತನೆಯನ್ನೂ ಅಲಂಕಾರಕ್ಕಾಗಿ ಬಳಸುವುದು ಯಾವ ಕಾಲಕ್ಕೂ ತರವಲ್ಲ.

ಕನ್ನಡ ನಾಡಿಗೆ ಈ ವಿಷಯದಲ್ಲಿ ಆದರ್ಶಪುರುಷರೊಬ್ಬರುಂಟು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ಸಂಚರಿಸಿ, ಗಣ್ಯರ ಚಿತ್ರಗಳನ್ನು ಬೇಕಾದಷ್ಟು ತೆಗೆದರೂ, ಅವರ ಅಂತಃಕರಣವು ಸಾಮಾನ್ಯರ ದೈನಂದಿನ ಬದುಕಿನಲ್ಲಿಯೇ ನೆಲೆಗೊಂಡಿತ್ತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದುವು. ಬಡತನದ ನಡುವೆಯೂ ಮನುಷ್ಯನ ಘನತೆಯನ್ನು ಕಾಣಬಲ್ಲ ಅವರ ದೃಷ್ಟಿಯನ್ನು ಯಾವ ಬೆಲೆಬಾಳುವ ಲೆನ್ಸೂ ಒದಗಿಸಲಾರದು.

ಉಪಕರಣದ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ದೂರದಿಂದ ಸೆಳೆಯುವ ಉದ್ದದ ಲೆನ್ಸು ಛಾಯಾಗ್ರಾಹಕನನ್ನು ಜನರಿಂದ ಬಚ್ಚಿಡುತ್ತದೆ. 28 ಅಥವಾ 35 ಮಿಲಿಮೀಟರಿನ ಅಗಲ ನೋಟದ ಲೆನ್ಸು ಆತನನ್ನು ಅವರ ಮಾತಿನಳವಿಗೆ ತರುತ್ತದೆ, ಹಿನ್ನೆಲೆಯ ಬೀದಿಯನ್ನೂ ಜೊತೆಗೆ ಒಳಗೊಳ್ಳುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾದ ನೋಟವೂ ಪ್ರಾಯಶಃ ಇದಕ್ಕೆ ಸಮೀಪವಾದುದರಿಂದ, ಹಣವಿಲ್ಲದ ವಿದ್ಯಾರ್ಥಿಯೂ ಹಿಂಜರಿಯಬೇಕಾದುದಿಲ್ಲ. ಒಳ್ಳೆಯ ಚಿತ್ರಗಳನ್ನು ನೋಡಿ ಕಣ್ಣು ಪಳಗಿಸಿಕೊಳ್ಳುವುದಕ್ಕೆ 2015ರಿಂದ ಹೈದರಾಬಾದಿನಲ್ಲಿ ನಡೆಯುತ್ತಿರುವ ಇಂಡಿಯನ್ ಫೋಟೋಗ್ರಫಿ ಫೆಸ್ಟಿವಲ್ ಉತ್ತಮ ಅವಕಾಶ.

ತೆಗೆದ ಮೇಲೆಯೂ ಕರ್ತವ್ಯವು ಮುಗಿಯುವುದಿಲ್ಲ. ಪ್ರತಿಯೊಂದು ಚಿತ್ರಕ್ಕೂ ಸ್ಥಳ, ದಿನಾಂಕ, ಕಸುಬುಗಳನ್ನು ಬರೆದಿಡಬೇಕು. ಮುಖ್ಯವಾಗಿ, ಚಿತ್ರದಲ್ಲಿರುವವರಿಗೆ ಅದರ ಒಂದು ಪ್ರತಿಯನ್ನು ಅಚ್ಚು ಹಾಕಿಸಿ ಒಯ್ದು ಕೊಡಬೇಕು. ಪ್ರವಾಸಿಗನಿಗೆ ಇದು ದುಸ್ಸಾಧ್ಯವಾದರೂ, ಉದ್ಯೋಗನಿಮಿತ್ತವಾಗಿ ಇಂದು ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ತರುಣ ತರುಣಿಯರಿಗೆ ಸಾಧ್ಯವಿದೆ. ಅವರು ತಮ್ಮ ರಜಾದಿನಗಳಲ್ಲಿ ಹತ್ತು ಬೀದಿಗಳನ್ನು ಸುತ್ತುವುದಕ್ಕೆ ಬದಲಾಗಿ ಒಂದೇ ಬೀದಿಯನ್ನು ಆರಿಸಿಕೊಂಡು, ಒಂದು ವರ್ಷದ ಬಿಸಿಲು ಮಳೆ ಹಬ್ಬಗಳಲ್ಲೆಲ್ಲ ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿಯ ಜನರ ಹೆಸರುಗಳನ್ನು ಅರಿತು, ಅವರ ಒಪ್ಪಿಗೆಯಿಂದ ಅವರ ಬಾಳನ್ನು ಚಿತ್ರಿಸಲಿ. ಅಂತಹ ಚಿತ್ರಮಾಲೆಯು ಆ ಬೀದಿಗೂ ಸಲ್ಲುತ್ತದೆ, ತೆಗೆದವರ ಮನಸ್ಸನ್ನೂ ಬೆಳೆಸುತ್ತದೆ. ಪರ ಊರೊಂದು ನಮ್ಮದಾಗುವುದು ಇಂತಹ ಪರಿಚಯದಿಂದಲೇ.