ಅಡಿಪಾಯದಲ್ಲಿಯೇ ಅಪಾಯದ ಎಣಿಕೆ

ಮಹತ್ಕಾರ್ಯಗಳನ್ನು ಕೈಕೊಳ್ಳುವವರು ಫಲವನ್ನು ವರ್ಣಿಸುವುದರಲ್ಲಿ ಎಷ್ಟು ಉತ್ಸಾಹವನ್ನು ತೋರುವರೋ, ವಿಘ್ನಗಳನ್ನು ಎಣಿಸುವುದರಲ್ಲಿ ಅಷ್ಟೇ ಔದಾಸೀನ್ಯವನ್ನು ತೋರುವರು. ವಿಘ್ನದ ಮಾತೆತ್ತುವುದೇ ಅಪಶಕುನವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪ್ರಸಂಗಗಳು ಹುಟ್ಟುವುದು ಈ ಭಾವನೆಯಿಂದಲೇ.

ಅಪಾಯಕ್ಕೆ ಉತ್ತರಗಳು ನಾಲ್ಕೇ: ಅದನ್ನು ತಪ್ಪಿಸಬಹುದು, ತಗ್ಗಿಸಬಹುದು, ಕರಾರಿನ ಮೂಲಕ ಇತರರಿಗೆ ವಹಿಸಬಹುದು, ಇಲ್ಲವೆ ಅರಿತು ತಾನೇ ಹೊರಬಹುದು. ಅರಿಯದೆ ಹೊರುವುದು ಉತ್ತರವಲ್ಲ, ಅವಿವೇಕ.

ಕೃಷ್ಣರಾಜಸಾಗರದ ಚರಿತ್ರೆಯನ್ನು ವಾಚಕರು ಈ ದೃಷ್ಟಿಯಿಂದ ನೋಡಬೇಕೆಂದು ಬಯಸುತ್ತೇವೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಬತ್ತಿದರೆ ಆ ಯಂತ್ರಗಳ ಗತಿಯೇನು? ಈ ಅಪಾಯವನ್ನು ತಗ್ಗಿಸುವುದು, ಜೊತೆಗೆ ಮಂಡ್ಯದ ಬಯಲಿಗೆ ನೀರುಣಿಸುವುದು, ಸರ್ ಎಂ. ವಿಶ್ವೇಶ್ವರಯ್ಯನವರ ಕನ್ನಂಬಾಡಿ ಯೋಜನೆಯ ಉದ್ದೇಶ. 1911ರಲ್ಲಿ ಕೆಲಸ ಮೊದಲಾಯಿತು.

ಮದರಾಸು ಸರ್ಕಾರವು ಆಕ್ಷೇಪಿಸಿತು. ಮೈಸೂರು ಬಯಸಿದ್ದು 41.5 ಟಿಎಂಸಿ ನೀರಿನ ಸಂಗ್ರಹ. ಭಾರತ ಸರ್ಕಾರ ಒಪ್ಪಿದ್ದು 11 ಟಿಎಂಸಿಗೆ ಮಾತ್ರ. ಆದರೂ ಮೈಸೂರು ದೊಡ್ಡ ಕಟ್ಟೆಗೆ ತಕ್ಕ ಅಡಿಪಾಯವನ್ನೇ ಹಾಕಿತು. ಒಪ್ಪಿಗೆ ದೊರೆಯದಿದ್ದರೆ ಹೆಚ್ಚಿನ ವೆಚ್ಚವು ವ್ಯರ್ಥ. ಚಿಕ್ಕ ಅಡಿಪಾಯವನ್ನು ಹಾಕಿದ್ದರೆ ಕಟ್ಟೆಯನ್ನು ಎತ್ತರಿಸುವ ದಾರಿಯೇ ಕಠಿನ. ಎರಡನ್ನೂ ತೂಗಿ, ಮೊದಲನೆಯದನ್ನು ಅರಿತು ಹೊತ್ತರು. 1914ರ ಪಂಚಾಯಿತಿ ತೀರ್ಪಿನಿಂದಲೂ ವ್ಯಾಜ್ಯ ಮುಗಿಯಲಿಲ್ಲ. 1924ರ ಒಪ್ಪಂದವು ದೊಡ್ಡ ಕಟ್ಟೆಗೆ ಸಮ್ಮತಿಯಿತ್ತಿತು.

ಆದರೆ ಇನ್ನೊಂದು ಮುಖವನ್ನು ಮರೆಯಲಾಗದು. ಕನ್ನಂಬಾಡಿ ಗ್ರಾಮವು ಅದೇ ನೀರಿನಲ್ಲಿ ಮುಳುಗಿತು. ಕರಾರಿಗೆ ರುಜು ಹಾಕಿದವನಿಗೆ ಅಪಾಯವನ್ನು ವಹಿಸುವುದು ನ್ಯಾಯ. ಕೇಳದವನ ಹೆಗಲಿಗೆ ಅದನ್ನು ಜಾರಿಸುವುದು ನ್ಯಾಯವಲ್ಲ. ಕೆಳಗಿನ ರೈತರ ಆತಂಕವೂ ಅಲಕ್ಷ್ಯಕ್ಕೆ ಅರ್ಹವಾದುದಲ್ಲ.

ಆದಕಾರಣ ನಾವು ಹೇಳುವುದಿಷ್ಟು: ಸಾರ್ವಜನಿಕ ಯೋಜನೆಯ ಅಂದಾಜುಪಟ್ಟಿಯ ಜೊತೆಗೆ ಅಪಾಯಗಳ ಪಟ್ಟಿಯೂ ಪ್ರಕಟವಾಗಲಿ. ಪ್ರತಿಯೊಂದಕ್ಕೂ ಹೊಣೆಗಾರನು ಯಾರು, ಮೀಸಲು ಹಣವೆಷ್ಟು, ಯಾವ ಸೂಚನೆ ಕಂಡೊಡನೆ ಉಪಾಯ ಆರಂಭವಾಗಬೇಕು, ತಪ್ಪಿದರೆ ನಷ್ಟ ಯಾರಿಗೆ, ಇವು ಅದರಲ್ಲಿ ಸ್ಪಷ್ಟವಾಗಿರಲಿ. ಹಣ ಕೊಡುವ ಪ್ರಜೆಗೆ ಇದನ್ನು ಕೇಳುವ ಹಕ್ಕುಂಟು. ಶಂಕುಸ್ಥಾಪನೆಗೆ ಮೊದಲೇ ಕೇಳುವುದು ಅವನ ಕರ್ತವ್ಯ.